ಹೂವಿಲ್ಲದ ದಿನದ ಪುಟ

ಪ್ರೀತಿಯ ಓದುಗ ಗೆಳತಿಗೆ,

ನಿಮ್ಮ ಪತ್ರ ತಲುಪಿತು. ದೊಡ್ಡಹಬ್ಬಕ್ಕೆಂದು ಶಿರಸಿ ಸೀಮೆಯ ತವರಿಗೆ ಬಂದವರು ಹಬ್ಬದ ಗಡಿಬಿಡಿ ಮುಗಿದದ್ದೇ ಹೊಸ ನೋಟ್‌ಬುಕ್ಕು, ಬಣ್ಣದ ಪೆನ್ಸಿಲ್ಲು ಹಿಡಿದು ತೋಟದ ಮೇಲಿನ ಸೊಪ್ಪಿನ ಬೆಟ್ಟ ಹತ್ತಿದಿರಂತೆ. ಬೆಟ್ಟ ದಾಟಿ ಕಾನಿನ ಒಳಗೂ ಹೋದಿರಂತೆ. ಬೆಳಗಿನ ಹೊತ್ತೆಲ್ಲ ಅಲೆದರೂ ಒಂದು ಹೂವೂ ಕಣ್ಣಿಗೆ ಬೀಳಲಿಲ್ಲ, ಎತ್ತ ನೋಡಿದರೂ ಒಂದೇ ಹಸಿರು, ಪುಟದ ಮೇಲೆ ತಾರೀಖು ಮಾತ್ರ ಬರೆದು ಇಳಿದು ಬಂದೆ ಎಂದು ಬೇಜಾರು ಮಾಡಿಕೊಂಡಿದ್ದೀರಿ. ಯಾವ ತಿಂಗಳು ಬಂದರೆ ಹೂ ಸಿಗುತ್ತದೆ ತಿಳಿಸಿ, ಆಗಲೇ ಬರುತ್ತೇನೆ ಎಂಬ ಕೊನೆಯ ಸಾಲು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಯಾವ ತಿಂಗಳಾದರೂ ಬನ್ನಿ. ಹೂವಿಗಾಗಿ ಮಾತ್ರ ಕಾಯಬೇಡಿ. ಕಾಡಿನ ಗಿಡಗಳ ಬಗ್ಗೆ ದಿನಚರಿ ಬರೆಯಬೇಕು ಎಂದು ಹೊರಟವರಿಗೆ ಹೂವಿಲ್ಲದ ದಿನದಷ್ಟು ಒಳ್ಳೆಯ ದಿನ ಬೇರೆ ಇಲ್ಲ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ಗಿಡಮರಗಳ ಬಗ್ಗೆ ನಮ್ಮಲ್ಲಿರುವ ದೊಡ್ಡ ಪುಸ್ತಕಗಳೆಲ್ಲ ಹೂವಿನ ಮೇಲೆ ನಿಂತವು. ಲಿನೇಯಸ್ ಸಸ್ಯಗಳನ್ನು ವಿಂಗಡಿಸಿದ್ದೇ ಕೇಸರ, ಶಲಾಕೆಗಳನ್ನು ಎಣಿಸಿ. ನಮ್ಮ ಜಿಲ್ಲೆ ಒಂದು ಕಾಲಕ್ಕೆ ಮುಂಬಯಿ ಪ್ರಾಂತಕ್ಕೆ ಸೇರಿತ್ತಲ್ಲ, ಹಾಗಾಗಿ ಇಲ್ಲಿನ ಕಾಡಿನ ಮರಗಳು ಕುಕ್ ಮತ್ತು ಟಾಲ್ಬಟ್ ಅವರ ಮುಂಬಯಿ ಪ್ರಾಂತದ ಸಸ್ಯಗ್ರಂಥಗಳಲ್ಲಿ ಸಿಗುತ್ತವೆ. ಟಾಲ್ಬಟ್ ಅರಣ್ಯ ಇಲಾಖೆಯಲ್ಲಿದ್ದವರು, ಉತ್ತರ ಕನ್ನಡದ ಕಾಡು ತಿರುಗಿದವರು. ಅವರ ಎರಡು ಸಂಪುಟಗಳು 1909 ಮತ್ತು 1911ರಲ್ಲಿ ಅಚ್ಚಾದವು. ಇಂಥ ಪುಸ್ತಕ ಹಿಡಿದು ಒಂದು ಮರವನ್ನು ಗುರುತಿಸಲು ಕೂತರೆ ಅದು ಹೂವಿನ ಎಸಳೆಷ್ಟು, ಅಂಡಾಶಯ ಮೇಲೋ ಕೆಳಗೋ ಎಂದು ಕೇಳುತ್ತ ಹೋಗುತ್ತದೆ. ಸಸ್ಯಸಂಗ್ರಹಾಲಯಗಳಲ್ಲಿ ಒಣಗಿಸಿ ಅಂಟಿಸಿಟ್ಟ ಮಾದರಿಗಳೂ ಬಹುಪಾಲು ಹೂ ಅಥವಾ ಕಾಯಿ ಇದ್ದಾಗ ಕೊಯ್ದವೇ. ಅದು ಸರಿಯಾದ ಪದ್ಧತಿ. ಆದರೆ ವರ್ಷದಲ್ಲಿ ಎರಡು ಮೂರು ವಾರ ಹೂ ಬಿಡುವ ಮರ ಉಳಿದ ದಿನಗಳಲ್ಲಿ ಏನು ಮಾಡುತ್ತಿರುತ್ತದೆ ಎಂಬುದನ್ನು ಈ ಪುಸ್ತಕಗಳು ಹೆಚ್ಚು ಹೇಳುವುದಿಲ್ಲ. ನಿಮ್ಮ ನೋಟ್‌ಬುಕ್ಕಿಗೆ ಜಾಗ ಇರುವುದು ಅಲ್ಲಿ.

ಸೊಪ್ಪು ಕಡಿಯಲು ಮರ ಹತ್ತುವವರನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ. ಅವರು ಯಾವ ಮರದ ಹೂವನ್ನೂ ಕೇಳುವುದಿಲ್ಲ. ತೊಗಟೆ ಮುಟ್ಟಿದರೆ ಸಾಕು, ಕತ್ತಿ ಬಿದ್ದ ಜಾಗದ ಬಣ್ಣ ಕಂಡರೆ ಸಾಕು, ಉದುರಿದ ಎಲೆಯ ಮೇಲೆ ಕಾಲಿಟ್ಟರೂ ಸಾಕು. ಆ ತಿಳುವಳಿಕೆಯ ಹತ್ತಿರ ಹೋಗುವುದಕ್ಕೆ ನಮಗೆ, ಅಂದರೆ ಊರು ಬಿಟ್ಟು ಪೇಟೆ ಸೇರಿದವರಿಗೆ, ಪೆನ್ಸಿಲ್ ಒಂದು ದಾರಿ.

ನಿಮ್ಮ ಬೆಟ್ಟದಲ್ಲಿ ಖಂಡಿತ ಇರುವ ಮರದಿಂದಲೇ ಶುರು ಮಾಡಿ: ಮತ್ತಿ. ಹತ್ತಿರ ಹೋಗಿ ನಿಲ್ಲಿ. ತೊಗಟೆ ಕಪ್ಪು ಬೂದಿ ಬಣ್ಣ, ಉದ್ದಕ್ಕೂ ಅಡ್ಡಕ್ಕೂ ಆಳವಾಗಿ ಸೀಳಿ ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕ. ಒಂದು ಚೌಕದ ಸುತ್ತಳತೆಯನ್ನು ಬೆರಳಿನಿಂದ ಅಳೆದು ಪುಟದ ಮೇಲೆ ಅಷ್ಟೇ ದೊಡ್ಡದಾಗಿ ಎಳೆಯಿರಿ. ಆಮೇಲೆ ಕೈಗೆಟುಕುವ ಒಂದು ಎಲೆಯನ್ನು ಕೀಳದೆ ಹಾಗೇ ಮಗುಚಿ ಅಡಿಭಾಗ ನೋಡಿ. ಎಲೆಯ ಬುಡದ ಹತ್ತಿರ, ನಡುದಿಂಡಿನ ಮೇಲೆ, ಪುಟ್ಟ ಗುಬುಟುಗಳು ಕಾಣುತ್ತವೆ. ಸಾಮಾನ್ಯವಾಗಿ ಎರಡು, ಕೆಲವೊಮ್ಮೆ ಒಂದೇ. ಬೆರಳಿಗೆ ತಾಗುವಷ್ಟು ಉಬ್ಬಿರುತ್ತವೆ. ಇವು ಗ್ರಂಥಿಗಳು. ಎಲೆ ಎಳೆಯದಿದ್ದಾಗ ಇಲ್ಲಿ ಸಿಹಿ ಒಸರುತ್ತದೆ, ಅದಕ್ಕೆ ಇರುವೆ ಬರುತ್ತವೆ, ಇರುವೆ ಓಡಾಡುವ ಎಲೆಯನ್ನು ತಿನ್ನಲು ಹುಳುಗಳು ಹಿಂಜರಿಯುತ್ತವೆ. ಹೂವೇ ಇಲ್ಲದ ಜಾಗದಲ್ಲಿ ಮಕರಂದ! ಸೊಪ್ಪಿನ ಬೆಟ್ಟದಲ್ಲಿ ಹುಟ್ಟಿ ಬೆಳೆದವರಲ್ಲೂ ಎಷ್ಟೋ ಜನ ಈ ಗುಬುಟು ನೋಡಿರುವುದಿಲ್ಲ, ಯಾಕೆಂದರೆ ಎಲೆ ಮಗುಚುವ ಪ್ರಸಂಗವೇ ಬಂದಿರುವುದಿಲ್ಲ. ಚಿತ್ರ ಬರೆಯಲು ಕೂತಾಗ ಮಾತ್ರ ಎಲೆಗೆ ಅಡಿಭಾಗವೂ ಇದೆ ಎಂಬ ನೆನಪಾಗುತ್ತದೆ.

ಮತ್ತಿಯ ಪಕ್ಕದಲ್ಲೇ ಹುಣಾಲು ಇದ್ದರೆ, ಅದೂ ಇದರದೇ ಬಳಗ, ಎರಡರ ಎಲೆಯನ್ನೂ ಒಂದೇ ಪುಟದಲ್ಲಿ ಬರೆಯಿರಿ. ನೀವು ಬಂದ ಹೊತ್ತಿನಲ್ಲಿ ಬೆಟ್ಟದ ತಲೆಯ ಮೇಲೆ ಅಲ್ಲಲ್ಲಿ ತುಕ್ಕಿನಂಥ ಕೆಂಪು ಹರಡಿದ್ದನ್ನು ಕಂಡಿರಬೇಕು, ಅದು ಹೂವಲ್ಲ, ಹುಣಾಲಿನ ರೆಕ್ಕೆಗಾಯಿ. ಅದರ ಕಾಯಿಗೆ ಒಂದು ರೆಕ್ಕೆ ದೊಡ್ಡದು, ಉಳಿದವು ಸಣ್ಣವು. ಮತ್ತಿಯ ಕಾಯಿಗೆ ಐದು ರೆಕ್ಕೆ, ಎಲ್ಲ ಒಂದೇ ಸಮ. ನಂದಿ ಮರ ಸಿಕ್ಕರೆ ತೊಗಟೆ ಮುಟ್ಟಿ ನೋಡಿ, ನುಣ್ಣಗಿರುತ್ತದೆ, ಹಾಳೆ ಹಾಳೆಯಾಗಿ ಸುಲಿದು ಬೀಳುತ್ತಿರುತ್ತದೆ. ಒಂದು ಸುಲಿದ ಚೂರನ್ನು ಪುಟಗಳ ನಡುವೆ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಹೊಲಗೇರು ಮರದ ಬಗ್ಗೆ ನಿಮ್ಮ ಆಯಿ ಹೇಳಿಯೇ ಇರುತ್ತಾರೆ. ಅದರ ಸೊನೆ ಮೈಗೆ ತಾಗಿದರೆ ಕಪ್ಪಾಗಿ ಸುಟ್ಟ ಬೊಕ್ಕೆ ಏಳುತ್ತದೆ. ಗುರುತು ಎಲೆಯ ತೊಟ್ಟಿನಲ್ಲಿದೆ: ತೊಟ್ಟಿನ ಎರಡು ಬದಿಗೆ ಸಣ್ಣ ಕೊಕ್ಕೆಯಂಥ ಚಾಚಿಕೆಗಳಿರುತ್ತವೆ, ಬಲಿತ ಎಲೆಯಲ್ಲಿ ಕೆಲವೊಮ್ಮೆ ಉದುರಿ ಕಲೆ ಮಾತ್ರ ಉಳಿದಿರುತ್ತದೆ. ದೂರದಿಂದ ನೋಡಿ, ಬರೆಯಿರಿ, ಮುರಿಯಬೇಡಿ. ಗುರುತು ಸಿಗದ ಯಾವ ಗಿಡದ ಎಲೆಯನ್ನೂ ಹಿಸುಕಿ ಮೂಸಬೇಡಿ. ವಾಸನೆ ನೋಡಲೇಬೇಕೆಂದರೆ ಬಲ್ಲವರನ್ನು ಕೇಳಿ ನೋಡಿ.

ಹೂವಿನ ಮೇಲೆಯೇ ನಂಬಿಕೆ ಇಟ್ಟರೆ ಎಂಥ ಪಾಡಾಗುತ್ತದೆ ಎಂಬುದಕ್ಕೆ ಕಾಡಿನಲ್ಲೇ ಬೇಕಾದಷ್ಟು ಉದಾಹರಣೆಗಳಿವೆ. ಗುರಿಗೆಯ ಬಳಗವನ್ನು ತೆಗೆದುಕೊಳ್ಳಿ. ಘಟ್ಟದ ಕಾಡಿನ ಅಡಿಯಲ್ಲೂ ಹುಲ್ಲುಗುಡ್ಡದ ಮೇಲೂ ಇವುಗಳ ಹಲವು ಜಾತಿಗಳಿವೆ. ಇವುಗಳಲ್ಲಿ ಎಷ್ಟೋ ಗಿಡಗಳು ವರ್ಷಗಟ್ಟಲೆ ಬರೀ ಎಲೆ ಹೊತ್ತು ನಿಂತು, ಒಂದು ವರ್ಷ ಎಲ್ಲವೂ ಒಟ್ಟಿಗೆ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತವೆ. ಇದೇ ಬಳಗದ, ಹನ್ನೆರಡು ವರ್ಷಕ್ಕೊಮ್ಮೆ ಹೂಬಿಡುವ ನೀಲಕುರಿಂಜಿ ಮುನ್ನಾರಿನ ಗುಡ್ಡಗಳಲ್ಲಿ 2006ರಲ್ಲಿ ಅರಳಿತು, ಮತ್ತೆ 2018ರಲ್ಲಿ. ಆಗ ಜನ ಜಾತ್ರೆ ನೆರೆದರು. ನಡುವಿನ ವರ್ಷಗಳಲ್ಲಿ ಅದೇ ಗಿಡಗಳ ಪಕ್ಕದಲ್ಲಿ ಯಾರು ಕೂತಿದ್ದರು? ಬೀಜ ಯಾವ ಮಳೆಗೆ ಮೊಳೆಯಿತು, ಎಷ್ಟನೇ ವರ್ಷಕ್ಕೆ ಮೊಣಕಾಲೆತ್ತರ ಬಂತು, ಯಾವ ಬೇಸಿಗೆಯಲ್ಲಿ ಎಲೆ ಸೊರಗಿತು ಎಂದು ಬರೆದುಕೊಂಡವರು ಇದ್ದರೆ ಅವರ ಪುಸ್ತಕ ನನಗೆ ಹೂವಿನ ಫೋಟೋಗಳಿಗಿಂತ ದೊಡ್ಡದು. ಬಿದಿರಿನದೂ ಇದೇ ಕತೆ, ದಶಕಗಳಿಗೊಮ್ಮೆ ಹೂ, ಬಿದಿರಕ್ಕಿ, ಆಮೇಲೆ ಮೆಳೆಯೇ ಒಣಗುತ್ತದೆ. ಅತ್ತಿಯ ಹೂವಂತೂ ಹೊರಗೆ ಕಾಣುವುದೇ ಇಲ್ಲ, ಕಾಯಿ ಎನ್ನುವುದರ ಒಳಗೇ ಮುಚ್ಚಿಕೊಂಡಿರುತ್ತದೆ. ಒಳಹೊಕ್ಕು ಬರುವ ಪುಟ್ಟ ಕಣಜಕ್ಕೆ ಮಾತ್ರ ಅದರ ದರ್ಶನ.

ಬಗನಿ ಮರವನ್ನು ಮರೆಯುವ ಹಾಗಿಲ್ಲ. ಅದು ಬೆಳೆದು ನಿಂತ ಮೇಲೆ ಮೊದಲ ಗೊನೆಯನ್ನು ತುದಿಯಲ್ಲಿ ಬಿಡುತ್ತದೆ, ಮುಂದಿನದು ಅದಕ್ಕಿಂತ ಕೆಳಗೆ, ಅದರ ಮುಂದಿನದು ಇನ್ನೂ ಕೆಳಗೆ. ಹೀಗೆ ಇಳಿಯುತ್ತ ಇಳಿಯುತ್ತ ಕಡೆಯ ಗೊನೆ ಮುಗಿದಾಗ ಮರವೂ ಮುಗಿಯುತ್ತದೆ. ನಿಮ್ಮ ತೋಟದಂಚಿಗೆ ಬಗನಿ ಇದ್ದರೆ ಇಡೀ ಮರವನ್ನು ಒಂದು ಕಡ್ಡಿಯಂತೆ ಎಳೆದು, ಗೊನೆ ಎಲ್ಲಿಯವರೆಗೆ ಇಳಿದಿದೆ ಎಂದು ಗುರುತು ಹಾಕಿ. ವರ್ಷಕ್ಕೊಮ್ಮೆ ಅದೇ ಚಿತ್ರಕ್ಕೆ ಮತ್ತೊಂದು ಗುರುತು. ಚಿತ್ರಕಲೆ ಬಾರದವರೂ ಮಾಡಬಹುದಾದ ಕೆಲಸ ಇದು, ಆದರೆ ಆ ಮರದ ಆಯುಷ್ಯದ ಲೆಕ್ಕ ಅದರಲ್ಲಿ ಪೂರ್ತಿ ಇರುತ್ತದೆ.

ದಿನವೂ ಬರೆಯಬೇಕೆ ಎಂದು ಕೇಳಿದ್ದೀರಿ. ಇದಕ್ಕೆ ನಮ್ಮ ಪಕ್ಕದ ಜಿಲ್ಲೆಯಲ್ಲೇ ನಡೆದ ಒಂದು ಸಂಗತಿ ಇದೆ. 1840ರ ದಶಕದ ನಡುವೆ ಹ್ಯೂ ಕ್ಲೆಗ್‌ಹಾರ್ನ್ ಎಂಬ ಸ್ಕಾಟ್‌ಲೆಂಡಿನ ವೈದ್ಯ ಶಿವಮೊಗ್ಗದಲ್ಲಿದ್ದರು. ದಿನಕ್ಕೊಂದು ಗಿಡವನ್ನು ಕಾಲು ಗಂಟೆ ಗಮನವಿಟ್ಟು ನೋಡು ಎಂದು ಸಸ್ಯವಿಜ್ಞಾನಿ ವಿಲಿಯಂ ಹೂಕರ್ ಈ ವೈದ್ಯರಿಗೆ ಸಲಹೆ ಕೊಟ್ಟಿದ್ದರು. ಕ್ಲೆಗ್‌ಹಾರ್ನ್ ಅದನ್ನು ಪಾಲಿಸಿ, ಒಬ್ಬ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡು ದಿನಕ್ಕೊಂದು ಗಿಡದ ಚಿತ್ರ ಬರೆಸಿದರು. ಆ ಚಿತ್ರಗಳು ಈಗ ಎಡಿನ್‌ಬರೋ ಸಸ್ಯೋದ್ಯಾನದ ಸಂಗ್ರಹದಲ್ಲಿವೆ. ಕ್ಲೆಗ್‌ಹಾರ್ನ್ ಮುಂದೆ 1856ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದರು, ಅವರ ಹೆಸರು ಪುಸ್ತಕಗಳಲ್ಲಿ ಉಳಿಯಿತು. ನನ್ನ ಮನಸ್ಸು ಹೋಗುವುದು ಮಾತ್ರ ಆ ಚಿತ್ರಕಾರನ ಕಡೆಗೆ. ಬೆಳಗಾದರೆ ಒಂದು ಕೊಂಬೆ ಮುಂದಿಟ್ಟುಕೊಂಡು, ಬಾಡುವ ಮೊದಲೇ ಎಲೆಯ ಏರಿಳಿತವನ್ನೂ ನರಗಳನ್ನೂ ಹಿಡಿಯಬೇಕಾಗಿದ್ದವನು ಅವನು. ಶಿವಮೊಗ್ಗದ ಗಿಡಗಳನ್ನು ಅವನಷ್ಟು ಹತ್ತಿರದಿಂದ ಆ ಕಾಲದಲ್ಲಿ ಇನ್ಯಾರು ನೋಡಿದ್ದಾರು?

ಆ ಕಾಲು ಗಂಟೆಯ ನಿಯಮವನ್ನು ನೀವೂ ಇಟ್ಟುಕೊಳ್ಳಿ. ದಿನಕ್ಕೊಂದು ಹೊಸ ಗಿಡ ಬೇಡ, ಒಂದೇ ಗಿಡದ ಹತ್ತಿರ ಮತ್ತೆ ಮತ್ತೆ ಹೋಗಿ. ನೀವು ಬೆಂಗಳೂರಿನಲ್ಲಿರುವವರು, ದಿನವೂ ಹೇಗೆ ಆಗುತ್ತದೆ ಅಂದರೆ, ಊರಿಗೆ ಬಂದಾಗಲೆಲ್ಲ ಅದೇ ಗಿಡ. ಬಾರದ ತಿಂಗಳುಗಳಲ್ಲಿ ಆಯಿಗೆ ಫೋನು ಮಾಡಿದಾಗ ಒಂದು ಮಾತು ಕೇಳಿದರಾಯಿತು, ಮೇಲಿನ ಮತ್ತಿ ಎಲೆ ಉದುರಿಸಿತೇ ಅಂತ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ತಾರೀಖು ಹಾಕಿ ಬರೆದುಕೊಳ್ಳಿ. ದರಕು ಗುಡಿಸಲು ಬೆಟ್ಟಕ್ಕೆ ಹೋಗುವವರಿಗೆ ಯಾವ ಮರ ಯಾವ ವಾರ ಉದುರಿಸುತ್ತದೆ ಎಂಬುದು ಕರಾರುವಾಕ್ಕಾಗಿ ಗೊತ್ತಿರುತ್ತದೆ. ನಾವು ಬರೆದುಕೊಂಡಿಲ್ಲ ಅಷ್ಟೇ.

ಸಾಮಾನು ಹೆಚ್ಚು ಬೇಡ. ಪೆನ್ನಿಗಿಂತ ಪೆನ್ಸಿಲ್ ಒಳ್ಳೆಯದು, ನಮ್ಮ ಮಳೆಯಲ್ಲಿ ಶಾಯಿ ಹರಡಿಹೋಗುತ್ತದೆ, ಸೀಸದ ಗೆರೆ ನಿಲ್ಲುತ್ತದೆ. ಒಂದು ಸಣ್ಣ ಸ್ಕೇಲು, ಒಂದು ಭೂತಗನ್ನಡಿ. ಮಳೆಗಾಲವಾದರೆ ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು. ಎಲೆಗಳು ಎದುರುಬದುರಾಗಿವೆಯೋ ಒಂದಾದ ಮೇಲೊಂದು ಪರ್ಯಾಯವಾಗಿವೆಯೋ, ಅಂಚು ನುಣುಪೋ ಗರಗಸವೋ, ಗುರುತು ಸಿಕ್ಕ ಗಿಡವಾದರೆ ತೊಟ್ಟು ಮುರಿದಲ್ಲಿ ಹಾಲು ಬರುತ್ತದೆಯೋ, ಬಂದರೆ ಯಾವ ಬಣ್ಣ, ಎಲೆಯನ್ನು ಯಾರಾದರೂ ತಿಂದಿದ್ದಾರೋ, ತಿಂದ ತೂತು ಅಂಚಿನಲ್ಲೋ ನಡುವೆಯೋ, ಇಷ್ಟು ನೋಡುವಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತದೆ. ಮುರುಗಲು, ಉಪ್ಪಾಗೆ ಮರಗಳ ಹಳದಿ ಸೊನೆ ನಿಮಗೆ ಗೊತ್ತೇ ಇದೆ, ಮನೆಯಲ್ಲಿ ಆ ಮರಗಳ ತುಪ್ಪ, ಸಿಪ್ಪೆ ಎಲ್ಲ ಬಳಸಿದವರು ನೀವು. ಕಾನಿನ ಒಳಗೆ ಎಲೆಗಳ ತುದಿ ನೋಡಿ, ಬಹಳ ಮರಗಳಲ್ಲಿ ತುದಿ ಸಪೂರಾಗಿ ಉದ್ದಕ್ಕೆ ಇಳಿದಿರುತ್ತದೆ, ಮಳೆನೀರು ನಿಲ್ಲದೆ ಜಾರಿಹೋಗುತ್ತದೆ. ಚಿತ್ರ ಚೆನ್ನಾಗಿ ಬರಲಿಲ್ಲ ಎಂಬ ಚಿಂತೆ ಬಿಡಿ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ನಿಮ್ಮ ಮನೆಯ ಕಪಾಟಿನಲ್ಲಿದ್ದರೆ ತೆಗೆದು ಬರೀ ಚಿತ್ರಗಳನ್ನು ನೋಡುತ್ತ ಹೋಗಿ. ಬಣ್ಣವಿಲ್ಲ, ಗೆರೆಯಷ್ಟೇ. ಯಾವ ಗಿಡದಲ್ಲಿ ಯಾವುದನ್ನು ನೋಡಬೇಕೋ ಅಷ್ಟನ್ನು ಮಾತ್ರ ಬರೆದ ಗೆರೆ ಅದು.

ಬಣ್ಣದ ಪೆನ್ಸಿಲ್ ತಂದದ್ದು ವ್ಯರ್ಥವಾಯಿತು ಎಂದಿರಲ್ಲ, ಶಿವರಾತ್ರಿಯ ಸುಮಾರಿಗೆ ಒಮ್ಮೆ ಬನ್ನಿ. ಆಗಲೂ ನಾನು ತೋರಿಸುವುದು ಎಲೆಯನ್ನೇ. ಸಾಗಡೆ ಮರ ಚಿಗುರಿದರೆ ದೂರದಿಂದ ನೋಡಿದವರು ಹೂವೆಂದೇ ತಿಳಿಯಬೇಕು, ಅಷ್ಟು ಕೆಂಪು. ನಾಗಸಂಪಿಗೆಯ ಚಿಗುರೂ ಕೆಂಪು, ಜೋತು ಬಿದ್ದಿರುತ್ತದೆ. ಅಶೋಕದ ಚಿಗುರು ಕೊಂಬೆಯ ತುದಿಯಲ್ಲಿ ಸೋತ ಹಾಗೆ ನೇತಾಡುತ್ತದೆ, ನಸುಗೆಂಪು, ತಾಮ್ರ, ಆಮೇಲೆ ತಿಳಿಹಸಿರು, ಕಡೆಗೆ ಕಡುಹಸಿರಾಗಿ ಗಟ್ಟಿಯಾಗಿ ಎದ್ದು ನಿಲ್ಲುತ್ತದೆ. ಎಳೆ ಎಲೆಯಲ್ಲಿ ಹಸಿರು ದ್ರವ್ಯ ಇನ್ನೂ ತುಂಬಿರುವುದಿಲ್ಲ, ಕೆಂಪು ಬಣ್ಣದ ದ್ರವ್ಯವೇ ಮುಂದಿರುತ್ತದೆ. ತಿಂದುಹೋಗುವ ಭಯ ಹೆಚ್ಚಿರುವ ಆ ಎಳೆಯ ದಿನಗಳಲ್ಲಿ ಮರ ತನ್ನ ಬಂಡವಾಳವನ್ನು ಎಲೆಗೆ ಪೂರ್ತಿ ಸುರಿಯದೆ ತಡೆದಿಟ್ಟುಕೊಳ್ಳುತ್ತದೆ ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಒಂದೇ ಗೊಂಚಲನ್ನು ನಾಲ್ಕಾರು ದಿನ ಬಿಟ್ಟು ಬಿಟ್ಟು ಬಣ್ಣ ಹಚ್ಚಿ ಬರೆದರೆ ನಿಮ್ಮ ಪೆನ್ಸಿಲ್ ಡಬ್ಬಿಯಲ್ಲಿ ಒಂದೂ ಮೊಂಡಾಗದೆ ಉಳಿಯುವುದಿಲ್ಲ.

ಕತ್ತಲೆಕಾನಿಗೂ ಆಗಲೇ ಹೋಗಿಬರೋಣ. ಸಿದ್ದಾಪುರ ಸೀಮೆಯಲ್ಲಿ, ಹೊನ್ನಾವರಕ್ಕೆ ಇಳಿಯುವ ಹೆದ್ದಾರಿಯ ಪಕ್ಕದಲ್ಲೇ ಇದೆ. ಅಲ್ಲಿ ವರ್ಷವಿಡೀ ನೀರು ಜಿನುಗುವ ಕೆಸರಿನಲ್ಲಿ ರಾಮಪತ್ರೆಯ ಬಳಗದ ಮರಗಳು ನಿಂತಿವೆ. ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ, ಅದಕ್ಕೆ ಬೇರುಗಳು ಮೇಲೆದ್ದು, ಮಡಚಿದ ಮಂಡಿಯ ಆಕಾರದಲ್ಲಿ ಬಾಗಿ ಮತ್ತೆ ಕೆಸರಿಗಿಳಿದು ಉಸಿರಾಡುತ್ತವೆ. ಇನ್ನು ಕೆಲವು ಬೇರುಗಳು ಕಾಂಡದಿಂದಲೇ ಹೊರಟು ಊರುಗೋಲಾಗಿ ನೆಲಕ್ಕಿಳಿದಿವೆ. ಅಲ್ಲಿ ತಲೆಯೆತ್ತಿ ಹೂ ಹುಡುಕುವವರು ಅರ್ಧ ಕಾಡನ್ನೇ ನೋಡಲಿಲ್ಲ ಎಂದು ಹೇಳಬೇಕು. ಹಾಗೆ ದಾರಿ ಬದಿಯಲ್ಲೇ ಇದ್ದ ಈ ಕಾನಿನ ಒಂದು ಮರ ವಿಜ್ಞಾನದ ದಾಖಲೆಗೆ ಸೇರಿದ್ದು 2000ದಲ್ಲಿ. ದಾಸಪ್ಪ ಮತ್ತು ಸ್ವಾಮಿನಾಥ್ ಅದನ್ನು ಹೊಸ ಪ್ರಭೇದವೆಂದು ಗುರುತಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಆ ಕಾನಿನ ಹೆಸರನ್ನೇ ಇಟ್ಟರು. ಗೇರಿನ ಕುಟುಂಬದ ದೊಡ್ಡ ಮರ, ಉಳಿದಿರುವುದು ತೀರ ಕೆಲವು. ಆಕಾಶದೆತ್ತರ ಬೆಳೆದ ಮರವೊಂದು ಇಷ್ಟು ಕಾಲ ಹೆಸರಿಲ್ಲದೆ ನಿಂತಿತ್ತು ಎಂದಮೇಲೆ ಕಾಲಡಿಯ ಸಣ್ಣ ಗಿಡಗಳ ಗತಿ ಏನು ಯೋಚಿಸಿ. ಇಂಥ ಜವುಗು ಕಾನುಗಳನ್ನು ಬಗೆದು ಗದ್ದೆ, ತೋಟ ಮಾಡಿದ್ದು ನಮ್ಮ ಹಿರಿಯರ ಕಾಲದಿಂದಲೂ ನಡೆದಿದೆ. ಉಳಿದ ತುಂಡುಗಳ ಪಕ್ಕದಲ್ಲಿ ಕೂತು ಬರೆಯುವವರು ಬೇಕು, ಕೆಸರು ತುಳಿಯದೆ, ಅಂಚಿನಲ್ಲೇ ಕೂತು.

ಕಾನಿಗೆ ಹೋಗುವಾಗ ಅಕೇಶಿಯಾ ನೆಡುತೋಪು ದಾಟಿದೆ ಎಂದು ಬರೆದಿದ್ದೀರಿ. ಅಲ್ಲಿಯೂ ಒಂದು ಪುಟ ಬರೆಯಿರಿ ಎನ್ನುತ್ತೇನೆ. ನಾವು ಎಲೆ ಎಂದುಕೊಳ್ಳುವ ಅದರ ಬಾಗಿದ ಪಟ್ಟಿ ಅಸಲಿಗೆ ಚಪ್ಪಟೆಯಾದ ತೊಟ್ಟು. ಆಗಷ್ಟೇ ಮೊಳೆತ ಸಸಿ ಹುಡುಕಿ, ಮೊದಲಲ್ಲಿ ಬಾಗೆ ಮರದಲ್ಲಿರುವಂಥ ಸಣ್ಣ ಸಣ್ಣ ಎಲೆಗಳಿರುತ್ತವೆ, ಆಮೇಲೆ ತೊಟ್ಟು ಅಗಲವಾಗುತ್ತ ಎಲೆ ಮಾಯವಾಗುತ್ತದೆ. ಆಸ್ಟ್ರೇಲಿಯಾ ಕಡೆಯಿಂದ ಬಂದ ಮರ, ಅದರ ತಪ್ಪೇನೂ ಇಲ್ಲ. ಆದರೆ ತೋಪಿನ ಒಳಗೆ ಒಂದು ಮಾರು ಜಾಗ, ಕಾನಿನ ಒಳಗೆ ಒಂದು ಮಾರು ಜಾಗ ಗುರುತು ಮಾಡಿಕೊಂಡು, ಎರಡೂ ಕಡೆ ನೆಲದಿಂದ ಮೊಣಕಾಲಿನವರೆಗೆ ಎಷ್ಟು ಬಗೆಯ ಎಲೆಗಳಿವೆ ಎಂದು ಹೆಸರಿಲ್ಲದೆಯೇ ಬರೀ ಆಕಾರ ಬರೆದುಕೊಳ್ಳಿ. ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಆಮೇಲೆ ನನಗೆ ಬರೆಯಿರಿ. ಕಾಡೆಂದರೆ ಯಾವುದು ಎಂದು ಪತ್ರಿಕೆಗಳಲ್ಲಿ ನಡೆಯುವ ಚರ್ಚೆಗಿಂತ ಆ ಎರಡು ಪುಟಗಳ ಮೇಲೆ ನನಗೆ ಭರವಸೆ.

ಹೆಸರು ಗೊತ್ತಾಗದ ಗಿಡಗಳ ಚಿತ್ರವನ್ನು ಊರಿನಲ್ಲಿ ಬಲ್ಲವರಿಗೆ ತೋರಿಸಿ. ಅವರು ಹೇಳಿದ ಹೆಸರನ್ನು ಹಾಗೆಯೇ ಬರೆಯಿರಿ, ತಿದ್ದಬೇಡಿ. ಘಟ್ಟದ ಮೇಲೆ ಒಂದು ಹೆಸರಾದರೆ ಕೆಳಗೆ ಇನ್ನೊಂದು ಇರುತ್ತದೆ, ಎರಡೂ ಇರಲಿ. ಕೊಟ್ಟಿಗೆಗೆ ಯಾವ ಸೊಪ್ಪು ಹಾಕಿದರೆ ಗೊಬ್ಬರ ಬೇಗ ಕಳಿಯುತ್ತದೆ, ಯಾವುದನ್ನು ದನ ಮುಟ್ಟುವುದಿಲ್ಲ ಎಂಬ ಮಾತೂ ಅದರ ಜೊತೆಗೆ ಬರುತ್ತದೆ, ಅದಕ್ಕೂ ಪುಟದಲ್ಲಿ ಜಾಗ ಬಿಟ್ಟಿರಿ. ಸೊಪ್ಪಿಗಾಗಿ ಬೋಳಾದ ಮರವನ್ನೂ ಬೋಳಾಗಿಯೇ ಬರೆಯಿರಿ. ಎಷ್ಟು ಮಳೆ ಕಳೆದ ಮೇಲೆ ಅದು ಮತ್ತೆ ಹರೆ ತುಂಬಿಕೊಂಡಿತು ಎಂಬ ದಾಖಲೆ ನಮ್ಮ ಬೆಟ್ಟಗಳಿಗೆ ತುರ್ತಾಗಿ ಬೇಕಾಗಿದೆ.

ಶಿವರಾತ್ರಿಗೆ ಊರಿಗೆ ಬರುವುದು ಖಾತ್ರಿಯಾದರೆ ಒಂದು ವಾರ ಮೊದಲೇ ತಿಳಿಸಿ. ತಾರೀಖು ಮಾತ್ರ ಬರೆದು ಬಿಟ್ಟ ಆ ಪುಟವನ್ನು ಹರಿಯಬೇಡಿ, ಅದರ ಕೆಳಗೆ ಮತ್ತಿಯ ಎಲೆ ಬರೆಯಲು ಜಾಗ ಇದೆ. ಗುಬುಟು ಎರಡಿದ್ದವೋ ಒಂದಿತ್ತೋ, ಇರುವೆ ಕಂಡಿತೋ ಇಲ್ಲವೋ, ಅಷ್ಟನ್ನು ಒಂದು ಕಾರ್ಡಿನಲ್ಲಾದರೂ ಬರೆದು ಹಾಕಿ. ಆಯಿಗೂ ಅಪ್ಪಯ್ಯನಿಗೂ ನನ್ನ ನಮಸ್ಕಾರ ತಿಳಿಸಿ. ಈ ವರ್ಷ ಕೊಟ್ಟಿಗೆಗೆ ಯಾವ ಯಾವ ಮರದ ಸೊಪ್ಪು ಬಂತು ಎಂದು ಅವರನ್ನು ನಾನು ಕೇಳಿದೆ ಎಂದೂ ಹೇಳಿ.

ನಿಮ್ಮ ಪತ್ರದ ದಾರಿ ನೋಡುವ,
ನಿಮ್ಮ ಸ್ನೇಹಿತ